ರಾತ್ರಿ ವ್ಯಾನ್ ಎಲ್ಲಿ ನಿಲ್ಲುತ್ತದೆ? ಗೋವಾಕ್ಕೆ ಹೊರಟವರಿಗೊಂದು ಎಚ್ಚರಿಕೆ

ಕಳೆದ ಡಿಸೆಂಬರ್ ಕೊನೆಯ ವಾರ ನಾನು, ನನ್ನ ಪತ್ನಿ, ಎಂಟು ವರ್ಷದ ಮಗಳು ಮತ್ತು ಅಮ್ಮ ಬೆಂಗಳೂರಿನಿಂದ ದಕ್ಷಿಣ ಗೋವಾಕ್ಕೆ ಬಾಡಿಗೆಯ ಕ್ಯಾಂಪರ್ ವ್ಯಾನಿನಲ್ಲಿ ಹೋಗಿದ್ದೆವು. ವರ್ಷದ ಕೊನೆಯಲ್ಲಿ ಅಲ್ಲಿ ಕೋಣೆಗಳ ದರ ಕೈಗೆಟುಕುವುದಿಲ್ಲ. ಹಾಸಿಗೆ, ಪುಟ್ಟ ಅಡುಗೆಮನೆ, ಶೌಚಾಲಯ, ಎಸಿ ಎಲ್ಲವೂ ಇರುವ ಗಾಡಿಯಿದ್ದರೆ ಸಮುದ್ರದ ಎದುರಿಗೇ ನಿಲ್ಲಿಸಿಕೊಂಡು ಮಲಗಬಹುದಲ್ಲ ಎಂದು ಲೆಕ್ಕ ಹಾಕಿದ್ದೆವು. ಆ ಲೆಕ್ಕ ತಪ್ಪಿದ್ದರಿಂದ ಒಂದು ರಾತ್ರಿ ನಮ್ಮ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಇದೇ ಯೋಚನೆಯಲ್ಲಿರುವ ಕುಟುಂಬಗಳಿಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ.

ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕಾರವಾರದವರೆಗಿನ ದಾರಿಯ ಬಗ್ಗೆ ದೂರುವಂಥದ್ದು ಏನೂ ಇಲ್ಲ. ಗಡಿ ದಾಟಿ ಪೋಳೆ ತನಿಖಾ ಠಾಣೆಗೆ ಬಂದಾಗ ಮೊದಲ ಅಳುಕು ಶುರುವಾಯಿತು. ನಮ್ಮದು ಬಿಳಿ ಬೋರ್ಡಿನ ಗಾಡಿ. ಯಾರಾದರೂ ಕೇಳಿದರೆ ಸ್ನೇಹಿತರದ್ದು ಎನ್ನಿ ಎಂದು ಮಾಲೀಕರು ಹೇಳಿಕಳಿಸಿದ್ದರು; ಆ ಮಾತು ಕೇಳಿದಾಗಲೇ ನಾನು ಮುಂಗಡ ವಾಪಸು ಕೇಳಬೇಕಿತ್ತು. ನಾವೇ ಓಡಿಸಿಕೊಂಡು ಹೋಗುವ ಬಾಡಿಗೆ ವಾಹನಕ್ಕೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದ ಸಂಖ್ಯೆ ಇರಬೇಕು. ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ ಮಾತ್ರವಲ್ಲ, ಅಪಘಾತವಾದರೆ ವಿಮಾ ಕಂಪನಿ ಪರಿಹಾರವನ್ನೇ ನಿರಾಕರಿಸಬಹುದು. ಅಂದು ಯಾರೂ ತಡೆಯಲಿಲ್ಲ, ನಾವು ಮುಂದೆ ಹೋದೆವು.

ಸಂಜೆ ಪಾಳೋಳೆಂ ತಲುಪಿದಾಗ ವಾಹನ ನಿಲುಗಡೆಯ ಜಾಗದಲ್ಲಿ ಚೀಟಿ ಹರಿಯುತ್ತಿದ್ದ ಗದಗ ಕಡೆಯ ಹುಡುಗ ನಮ್ಮ ಕನ್ನಡ ಕೇಳಿ ಹತ್ತಿರ ಬಂದು, "ಅಣ್ಣಾರ, ಗಾಡಿ ನಿಲ್ಲಸ್ರಿ, ಆದ್ರ ಒಳಗ ಮಲಗೂದಕ್ಕ ಬಿಡಂಗಿಲ್ರಿ" ಎಂದ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅಗೊಂಡಕ್ಕೆ ಹೋದೆವು. ಅದು ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ತೀರ. ಚಳಿಗಾಲವೇ ಅವು ಬರುವ ಕಾಲವಾದ್ದರಿಂದ ಅಲ್ಲಿ ರಾತ್ರಿ ಬೆಳಕು, ಸದ್ದು ಸಲ್ಲದು. ಹೆಡ್‌ಲೈಟ್ ಹೊತ್ತಿಸಿಕೊಂಡು ತೀರದ ಬದಿಗೆ ಬಂದ ನಮ್ಮನ್ನು ಊರಿನವರು ಹಿಂದಕ್ಕೆ ಕಳಿಸಿದರು, ಅವರು ಮಾಡಿದ್ದು ಸರಿ. ಗಾಡಿ ತಿರುಗಿಸುವಾಗ ಹಿಂದಿನ ಚಕ್ರ ಮರಳಿನಲ್ಲಿ ಹೂತುಹೋಯಿತು. ಟ್ರ್ಯಾಕ್ಟರ್ ಕರೆಸಿ ಎಳೆಸುವಷ್ಟರಲ್ಲಿ ರಾತ್ರಿ ಹತ್ತು ಗಂಟೆ. ಅಡುಗೆ ಮಾಡಿಕೊಳ್ಳೋಣವೆಂದರೆ ಅದಕ್ಕೂ ಅಡ್ಡಿಯಿತ್ತು: 2019ರಲ್ಲಿ ಗೋವಾ ಸರ್ಕಾರ ತನ್ನ ಪ್ರವಾಸಿ ತಾಣಗಳ ರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಕಡಲತೀರದಂಥ ಕಡೆ ಬಯಲಿನಲ್ಲಿ ಒಲೆ ಹೂಡಿದರೆ ದಂಡ ಬೀಳುತ್ತದೆ.

ಕೊನೆಗೆ ತೆಂಗಿನ ತೋಟದವರೊಬ್ಬರು ಕರುಣೆ ತೋರಿ ಜಾಗ ಕೊಟ್ಟರು, ಆದರೆ ಅಲ್ಲಿ ವಿದ್ಯುತ್ ಸಂಪರ್ಕವಿರಲಿಲ್ಲ. ಸೆಕೆ, ಅದರ ಮೇಲೆ ಸೊಳ್ಳೆ. ಕಿಟಕಿಗಳನ್ನೆಲ್ಲ ಮುಚ್ಚಿ, ಮಾಲೀಕರು ತೋರಿಸಿಕೊಟ್ಟಿದ್ದಂತೆಯೇ ಜನರೇಟರ್ ಹಚ್ಚಿ, ಎಸಿ ಹಾಕಿಕೊಂಡು ಮಲಗಿದೆವು.

ಎರಡು ಗಂಟೆಯ ಸುಮಾರಿಗೆ ಮಗಳು ವಾಂತಿ ಮಾಡಿಕೊಂಡ ಸದ್ದಿಗೆ ಎಚ್ಚರವಾಯಿತು. ಅಮ್ಮ ಹಾಸಿಗೆಯ ಅಂಚಿನಲ್ಲಿ ಎರಡೂ ಕೈಯಿಂದ ತಲೆ ಒತ್ತಿಕೊಂಡು ಕುಳಿತು, "ತಲೆ ಸಿಡಿದುಹೋಗ್ತಿದೆ ಕಣೋ" ಎನ್ನುತ್ತಿದ್ದರು. ಎದ್ದು ನಿಂತರೆ ನನಗೂ ಕಾಲು ನಿಲ್ಲಲಿಲ್ಲ. ಏನೋ ಹೊಳೆದು ಬಾಗಿಲು ತೆರೆದು, ಜನರೇಟರ್ ಆರಿಸಿ ಎಲ್ಲರನ್ನೂ ಹೊರಗೆ ಎಳೆದುಕೊಂಡು ಬಂದೆ. ಹತ್ತಿರದ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ಬೆಳಗಿನ ಹೊತ್ತಿಗೆ ಅಮ್ಮನೂ ಮಗಳೂ ಚೇತರಿಸಿಕೊಂಡರು.

ಮರಳಿ ಬಂದು ಟಾರ್ಚ್ ಹಿಡಿದು ಗಾಡಿಯ ಅಡಿಗೆ ನೋಡಿದೆ. ಜನರೇಟರಿನ ಹೊಗೆ ಕೊಳವೆ ಹೊರಗಿನವರೆಗೆ ಬಾರದೆ ನೆಲಹಲಗೆಯ ಕೆಳಗೇ ಮುಗಿದಿತ್ತು. ಬ್ಯಾಟರಿ ತಂತಿ ಎಳೆಯಲು ಹಲಗೆಯಲ್ಲಿ ಕೊರೆದ ತೂತಿಗೆ ಹಳೆಯ ಬಟ್ಟೆ ತುರುಕಿದ್ದರು. ಆ ಬಟ್ಟೆಯ ಸುತ್ತ ಅಂಗೈಯಗಲ ಮಸಿ ಹಿಡಿದಿತ್ತು. ಅದರ ನೇರ ಮೇಲೆಯೇ ನನ್ನ ಮಗಳ ಹಾಸಿಗೆ.

ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಮಲಗಿದವರಿಗೆ ಉಸಿರು ಕಟ್ಟುತ್ತಿರುವುದು ತಿಳಿಯುವುದೇ ಇಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಲ್ಲಿಸಿದ್ದ ಕ್ಯಾರವಾನ್ ಒಂದರೊಳಗೆ ಇಬ್ಬರು ಶವವಾಗಿ ಸಿಕ್ಕಿದ್ದರು; ಅದರ ಜನರೇಟರಿನಿಂದ ಬಂದ ಇದೇ ಅನಿಲ ಒಳಗೆ ಸೇರಿದ್ದೇ ಕಾರಣವೆಂದು ಕಲ್ಲಿಕೋಟೆಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ (ಎನ್‌ಐಟಿ) ತಜ್ಞರ ತಪಾಸಣೆಯಲ್ಲಿ ತಿಳಿದುಬಂತು. ಆ ಸುದ್ದಿಯನ್ನು ಓದಿದ್ದರೂ ನಮ್ಮ ಗಾಡಿಗೂ ಅದಕ್ಕೂ ಸಂಬಂಧ ಕಲ್ಪಿಸಿಕೊಳ್ಳದೆ ಹೋದದ್ದು ನನ್ನನ್ನು ಈಗಲೂ ಕಾಡುತ್ತಿದೆ.

ಆದ್ದರಿಂದ ದಯವಿಟ್ಟು, ಗಾಡಿ ಹುಡುಕುವ ಮೊದಲು ರಾತ್ರಿ ನಿಲ್ಲಿಸುವ ಜಾಗ ಹುಡುಕಿ. ಕ್ಯಾಂಪರ್ ವ್ಯಾನನ್ನು ಒಳಗೆ ಬಿಟ್ಟುಕೊಂಡು ವಿದ್ಯುತ್ತನ್ನೂ ಶೌಚ ತೊಟ್ಟಿ ಖಾಲಿ ಮಾಡುವ ವ್ಯವಸ್ಥೆಯನ್ನೂ ಕೊಡುವವರಿಂದ ತಾರೀಖು ಸಮೇತ ಒಪ್ಪಿಗೆ ಸಿಗದಿದ್ದರೆ ಹೊರಡಲೇಬೇಡಿ. ಮುಂಗಡ ಕೊಡುವ ಮೊದಲು ನೋಂದಣಿ ಪತ್ರ ಮತ್ತು ವಿಮಾ ಪತ್ರದ ಪ್ರತಿ ತರಿಸಿಕೊಂಡು ಓದಿ, ಬಗ್ಗಿ ಹೊಗೆ ಕೊಳವೆಯ ತುದಿ ಎಲ್ಲಿದೆಯೆಂದು ಕಣ್ಣಾರೆ ನೋಡಿ. ಒಳಗೆ ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಇಲ್ಲದಿದ್ದರೆ ನೀವೇ ಒಂದನ್ನು ಕೊಂಡೊಯ್ಯಿರಿ. ಅಲಾರಂ ಇದ್ದರೂ ಮಲಗುವಾಗ ಜನರೇಟರ್ ಹಚ್ಚಬೇಡಿ.

ಮಾಲೀಕರು ಇದುವರೆಗೆ ಯಾರೂ ದೂರಿಲ್ಲ ಎಂದು ಹೇಳಿ, ಮರಳಿನಲ್ಲಿ ಹೂತ ಗಾಡಿಗೆ ಪೆಟ್ಟಾಗಿದೆಯೆಂದು ನಮ್ಮ ಠೇವಣಿಯನ್ನೂ ಹಿಡಿದುಕೊಂಡರು. ಹಣ ಹೋದರೆ ಹೋಗಲಿ. ಮಸಿ ಹಿಡಿದ ಆ ತೂತಿನ ಫೋಟೋಗಳನ್ನು ಲಗತ್ತಿಸಿ ಸಾರಿಗೆ ಕಚೇರಿಗೂ ಪೊಲೀಸರಿಗೂ ದೂರು ಕೊಟ್ಟಿದ್ದೇನೆ. ಆ ಗಾಡಿ ಮಾತ್ರ ಈಗಲೂ ಬಾಡಿಗೆಗೆ ಓಡುತ್ತಿದೆ.