ಹಳೆಯ ಪ್ರಕರಣದ ಕಡತ: ಪೊಲೀಸರನ್ನು ಕೇಳುವುದೋ, ನ್ಯಾಯಾಲಯವನ್ನೋ?

ಕುಟುಂಬದ ಹಿರಿಯರೊಬ್ಬರ ಕೊಲೆ ಪ್ರಕರಣದ ದಾಖಲೆ ಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ: ಪೊಲೀಸ್ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ, ಇಲ್ಲವೇ ನ್ಯಾಯಾಲಯದಿಂದ ದೃಢೀಕೃತ ನಕಲು.

ಖರ್ಚಿನಲ್ಲಿ ಮೊದಲನೆಯದು ಹಗುರ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಒಂದೇ ವಿಷಯ, 150 ಪದಗಳ ಮಿತಿ ಎಂಬ ರಾಜ್ಯದ ನಿಯಮವನ್ನು ಮರೆಯಬೇಡಿ. ನ್ಯಾಯಾಲಯದಲ್ಲಿ ಪುಟಗಳ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು, ಓಡಾಟವೂ ಹೆಚ್ಚು.

ಸಿಗುವ ಸಾಧ್ಯತೆಯ ಪ್ರಶ್ನೆಯೇ ನಿಜವಾದ ತೊಡಕು. ತನಿಖೆಗೆ ಅಡ್ಡಿಯಾಗುತ್ತದೆ ಎಂದು ಪೊಲೀಸರು ನಿರಾಕರಿಸಬಹುದು. ಆದರೆ ಘಟನೆ ನಡೆದು 20 ವರ್ಷ ಕಳೆದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಂ ಆ ನೆಪವನ್ನು ಕಿತ್ತುಹಾಕುತ್ತದೆ. ಇಷ್ಟು ಬಲವಾದ ಕಲಂ ಬಹಳ ಜನರಿಗೆ ಗೊತ್ತೇ ಇಲ್ಲದಿರುವುದು ನನಗೆ ನೋವಿನ ಸಂಗತಿ. ಅರ್ಜಿಯಲ್ಲೇ ಅದನ್ನು ಉಲ್ಲೇಖಿಸಿ. ಕಡತ ನಾಶವಾಗಿದೆ ಎಂದರೆ ನಾಶಪಡಿಸಿದ ಆದೇಶದ ಪ್ರತಿಯನ್ನೂ ಕೇಳಿ.

ನ್ಯಾಯಾಲಯದ ಕಡತಕ್ಕೆ ಮಾಹಿತಿ ಹಕ್ಕು ಬೇಡ, ಆಯಾ ನ್ಯಾಯಾಲಯದ ನಿಯಮಗಳನ್ನೇ ಅನುಸರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪ್ರಕರಣದ ಪಕ್ಷಗಾರರಲ್ಲದವರು ಕಾರಣ ತಿಳಿಸಬೇಕಾಗುತ್ತದೆ.

ಪ್ರಕರಣ ವಿಚಾರಣೆಗೇ ಬಂದಿಲ್ಲದಿದ್ದರೆ ಪೊಲೀಸರ ದಾರಿ ಹಿಡಿಯಿರಿ. ತೀರ್ಪು, ಸಾಕ್ಷಿಗಳ ಹೇಳಿಕೆ ಬೇಕಿದ್ದರೆ, ಅಥವಾ ಮತ್ತೊಂದು ದಾವೆಯಲ್ಲಿ ಹಾಜರುಪಡಿಸಬೇಕಿದ್ದರೆ ದೃಢೀಕೃತ ನಕಲಿಗೇ ಹೋಗಿ. ಪ್ರಕರಣದ ಸಂಖ್ಯೆ ತಿಳಿಯದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರಿನಿಂದ ಉಚಿತವಾಗಿ ಹುಡುಕಬಹುದು, ತೀರಾ ಹಳೆಯವು ಅಲ್ಲಿ ಸಿಗುವುದು ಕಷ್ಟ.