ಮಂಗೋಲಿಯಾ ಗುಂಪು ಪ್ರವಾಸಕ್ಕೆ ಹಣ ಕಟ್ಟುವ ಮುನ್ನ

2024ರ ಜುಲೈಯಲ್ಲಿ ನಾನೂ ನನ್ನ ಪತ್ನಿಯೂ ಬೆಂಗಳೂರಿನ ಒಂದು ಪ್ರವಾಸ ಸಂಸ್ಥೆಗೆ ವಿಮಾನದ ಟಿಕೆಟ್ಟೂ ಸೇರಿ ತಲೆಗೆ 2,40,000 ರೂಪಾಯಿ ಕಟ್ಟಿ, 10 ದಿನಗಳ ಮಂಗೋಲಿಯಾ ಪ್ರವಾಸಕ್ಕೆ ಹೋಗಿಬಂದೆವು. ಬೆಂಗಳೂರು, ಮೈಸೂರು ಮತ್ತು ಧಾರವಾಡದವರೆಲ್ಲ ಸೇರಿ ನಾವು 14 ಜನರಿದ್ದೆವು. ನಮ್ಮ ದೂರು ಇನ್ನೂ ವಿಚಾರಣೆಯಲ್ಲಿರುವುದರಿಂದ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಆದರೆ ಅದೇ ಬಗೆಯ ಕಾರ್ಯಕ್ರಮಪಟ್ಟಿಯನ್ನು ಬೇರೆ ಬೇರೆ ಸಂಸ್ಥೆಗಳೂ ಹಂಚುತ್ತಿರುವುದನ್ನು ಈಚೆಗೆ ನೋಡಿದ್ದರಿಂದ, ಅದನ್ನು ಹೇಗೆ ಓದಬೇಕೆಂಬುದನ್ನಾದರೂ ತಿಳಿಸುವುದು ಸರಿಯೆನಿಸಿತು.

ನಾನು ಪ್ರೌಢಶಾಲೆಯಲ್ಲಿ 31 ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನು. 1206ರಲ್ಲಿ ತೆಮೂಜಿನ್ ಎಂಬಾತ ಬುಡಕಟ್ಟುಗಳ ಮಹಾಸಭೆಯಲ್ಲಿ ಚೆಂಗೀಸ್ ಖಾನ್ ಎಂಬ ಬಿರುದು ಪಡೆದ ಪಾಠವನ್ನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಅವನ ಮಗ ಒಗೆದೈ 1235ರಲ್ಲಿ ಕೋಟೆ ಕಟ್ಟಿಸಿದ ಕಾರಕೋರಂ ನಗರವನ್ನು (ಕಾಶ್ಮೀರದಾಚೆಯ ಅದೇ ಹೆಸರಿನ ಪರ್ವತಶ್ರೇಣಿಯೊಡನೆ ಮಕ್ಕಳು ಪ್ರತಿವರ್ಷವೂ ಅದನ್ನು ಗೊಂದಲ ಮಾಡಿಕೊಳ್ಳುತ್ತಿದ್ದರು) ಗೋಡೆಯ ಭೂಪಟದ ಮೇಲೆ ಕೋಲಿಟ್ಟು ತೋರಿಸಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಅಲ್ಲಿ ಒಂದು ಪೂರ್ಣ ದಿನ, ಇಡೀ ಪ್ರವಾಸದುದ್ದಕ್ಕೂ ಒಬ್ಬ ಇತಿಹಾಸ ತಜ್ಞರ ಮಾರ್ಗದರ್ಶನ ಎಂದು ಅಚ್ಚಾಗಿದ್ದುದನ್ನು ನೋಡಿಯೇ ನಾವು ಹಣ ಕಟ್ಟಿದ್ದು.

ಮೊದಲು ದಿನಗಳ ಲೆಕ್ಕವನ್ನು ನೋಡಿ. ಬೆಂಗಳೂರಿನಿಂದ ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ಗೆ ನೇರ ವಿಮಾನವಿಲ್ಲ. ನಾವು ದೆಹಲಿ, ಸಿಯೋಲ್ ಮಾರ್ಗವಾಗಿ ಹೋದೆವು. ಹೊರಟ ದಿನವೂ ಮರಳಿದ ದಿನವೂ ಪಟ್ಟಿಯಲ್ಲಿ ಪ್ರವಾಸದ ದಿನಗಳೇ ಆಗಿದ್ದವು. ತಲುಪಿದ ದಿನ ಅರ್ಧ ಕಳೆದಿತ್ತು. ಹೀಗೆ ಹತ್ತರಲ್ಲಿ ನಮ್ಮ ಕೈಗೆ ಸಿಕ್ಕಿದ್ದು ಏಳೂವರೆ ದಿನ. ಆ ಏಳೂವರೆ ದಿನಗಳಲ್ಲಿ ಗೋಬಿ ಮರುಭೂಮಿ, ಕಾರಕೋರಂ, ಓರ್ಖಾನ್ ಜಲಪಾತ, ಖುಸ್ತಾಯ್ ರಾಷ್ಟ್ರೀಯ ಉದ್ಯಾನ ಮತ್ತು ಕುಸ್ತಿ, ಕುದುರೆ ಓಟಗಳ ನಾದಮ್ ಉತ್ಸವ, ಇಷ್ಟನ್ನೂ ತೋರಿಸುವುದಾಗಿ ಹೇಳಿದ್ದರು. ಮಂಗೋಲಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಎಂಟರಷ್ಟಿದೆ. ಜನಸಂಖ್ಯೆ ಸುಮಾರು 35 ಲಕ್ಷ, ಅದರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಜನ ರಾಜಧಾನಿಯಲ್ಲೇ ಇದ್ದಾರೆ. ಉಳಿದ ನಾಡಿನಲ್ಲಿ ಕೆಲವು ಮುಖ್ಯ ಮಾರ್ಗಗಳಿಗೆ ಮಾತ್ರ ಡಾಂಬರಿದೆ. ಅದರಾಚೆಗೆ ಹುಲ್ಲಿನ ಮೇಲೆ ಚಕ್ರದ ಗುರುತುಗಳಷ್ಟೇ ದಾರಿ. ಮಳೆ ಬಂದರೆ ಗುರುತು ಬದಲಾಗುತ್ತದೆ, ಚಾಲಕರು ಪಕ್ಕದಲ್ಲಿ ಹೊಸ ಗುರುತು ಮಾಡಿಕೊಳ್ಳುತ್ತಾರೆ. ಪಟ್ಟಿಯಲ್ಲಿ ಎಲ್ಲಿಯೂ ಪ್ರಯಾಣದ ಗಂಟೆಗಳು ಇರಲಿಲ್ಲ. ಕೆಲವು ಕಡೆ ಕಿಲೋಮೀಟರು ಇತ್ತು. ಅದನ್ನು ನಾವು ಹುಬ್ಬಳ್ಳಿ ರಸ್ತೆಯ ಕಿಲೋಮೀಟರೆಂದೇ ಓದಿಕೊಂಡೆವು. ನಮ್ಮ ಮೊದಲ ತಪ್ಪು ಇದು, ಇದರಲ್ಲಿ ನಮ್ಮದೂ ಪಾಲಿದೆ.

ಗೋಬಿಯ ಭಾಗ ಕೆಟ್ಟದಾಗಿರಲಿಲ್ಲ. ರಾಜಧಾನಿಯಿಂದ ದಲನ್‌ಜದ್‌ಗದ್ ಪಟ್ಟಣದವರೆಗೆ ಡಾಂಬರು ರಸ್ತೆಯಿದ್ದರೂ ಒಂದು ಇಡೀ ದಿನ ಬೇಕಾಯಿತು. ಮರುದಿನ ಖೊಂಗೊರ್‌ನ ಮರಳುದಿಬ್ಬಗಳನ್ನು ಸಂಜೆಯ ಹೊತ್ತಿಗೆ ತಲುಪಿದೆವು. ಮೂರನೆಯ ದಿನ ಬಯನ್‌ಜಾಗ್‌ನ ಕೆಂಪು ಬಂಡೆಗಳು, 1923ರಲ್ಲಿ ಅಮೆರಿಕದ ರಾಯ್ ಚಾಪ್ಮನ್ ಆಂಡ್ರ್ಯೂಸ್ ತಂಡಕ್ಕೆ ಡೈನೋಸಾರ್ ಮೊಟ್ಟೆಗಳು ದೊರೆತ ಜಾಗ. ಸಂಜೆಯ ಬಿಸಿಲಿನಲ್ಲಿ ಆ ಬಂಡೆಗಳು ಕೆಂಡದಂತೆ ಕಾಣುತ್ತವೆ ಎಂಬುದು ನಿಜ. ಅಲ್ಲಿಯವರೆಗೆ ದಾರಿಯ ವಿಷಯದಲ್ಲಿ ನಮಗೆ ಬೆನ್ನುನೋವೊಂದನ್ನು ಬಿಟ್ಟರೆ ಹೇಳಿಕೊಳ್ಳುವಂಥ ದೂರಿರಲಿಲ್ಲ. ಲ್ಯಾಂಡ್ ಕ್ರೂಸರ್ ಎಂದು ಹೇಳಿದ್ದ ವಾಹನಗಳ ಬದಲು ರಷ್ಯಾದ ಹಳೆಯ ಉಆಜ್ ವ್ಯಾನುಗಳು ಬಂದಿದ್ದವು. ಅಲ್ಲಿನವರು ಅದನ್ನು ಫುರ್ಗಾನ್ ಎನ್ನುತ್ತಾರೆ. ಗಟ್ಟಿ ವಾಹನ, ಆದರೆ 60 ದಾಟಿದವರ ಬೆನ್ನುಮೂಳೆಯನ್ನು ನೆನೆದು ಮಾಡಿದ್ದಲ್ಲ.

ಜುಲೈ 8ರಂದು ಬಯನ್‌ಜಾಗ್‌ನಿಂದ ಹೊರಟು ಮಧ್ಯಾಹ್ನದೊಳಗೆ ಕಾರಕೋರಂ ಸೇರುವುದಾಗಿ ಪಟ್ಟಿಯಲ್ಲಿತ್ತು. ಬೆಳಗ್ಗೆ ಆರಕ್ಕೇ ಹೊರಟೆವು. ಹತ್ತು ಗಂಟೆಯ ಹೊತ್ತಿಗೆ ಎರಡನೆಯ ವ್ಯಾನಿನ ಹಿಂದಿನ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಮುರಿಯಿತು. ಚಾಲಕನಿಗೆ ಸುಮಾರು 55 ವರ್ಷ. ಆತ ಒಂದು ಮಾತೂ ಆಡದೆ ನೆಲಕ್ಕೆ ಚಾಪೆ ಹಾಸಿ ಕೆಳಗೆ ನುಸುಳಿ, ಮರದ ತುಂಡೊಂದನ್ನು ಸಿಕ್ಕಿಸಿ, ರಬ್ಬರ್ ಪಟ್ಟಿಯಿಂದ ಸುತ್ತಿ ಬಿಗಿದು, ಎರಡು ಗಂಟೆಯಲ್ಲಿ ವಾಹನವನ್ನು ಮತ್ತೆ ಓಡುವಂತೆ ಮಾಡಿದ. ಆ ಕೈಗಳನ್ನು ನೋಡುತ್ತ ಕುಳಿತಿದ್ದ ನಮ್ಮಲ್ಲಿ ಯಾರಿಗೂ ಅವನ ಮೇಲೆ ಸಿಟ್ಟು ಬರಲಿಲ್ಲ. ಬೈಯಬೇಕಾದದ್ದು ನಕ್ಷೆಯ ಮೇಲೆ ಗೆರೆ ಎಳೆದು ‘ಮಧ್ಯಾಹ್ನ’ ಎಂದು ಬರೆದವರನ್ನು. ಸ್ಪ್ರಿಂಗ್ ಮುರಿಯದಿದ್ದರೂ ಆ ದಾರಿಗೆ ಎಷ್ಟು ಹೊತ್ತು ಬೇಕು ಎಂದು ಸಂಜೆ ಆತನನ್ನೇ ಕೇಳಿಸಿದೆ. ಹನ್ನೆರಡು ಗಂಟೆ, ನೆಲ ಒಣಗಿದ್ದರೆ, ಎಂದ. ಅಂದರೆ ಚಾಲಕನಿಗೆ ಗೊತ್ತಿದ್ದ ಸಂಗತಿಯನ್ನು ಬೆಂಗಳೂರಿನಲ್ಲಿ ಯಾರೂ ಅವನಲ್ಲಿ ಕೇಳಿರಲಿಲ್ಲ.

ನಾವು ತಲುಪಿದಾಗ ರಾತ್ರಿ ಎಂಟೂವರೆ. ಅಲ್ಲಿ ಜುಲೈಯಲ್ಲಿ ಒಂಬತ್ತರವರೆಗೂ ಬೆಳಕಿರುತ್ತದೆ. ಕಾರಕೋರಂ ಈಗ ಖಾರ್ಖೋರಿನ್ ಎಂಬ ಸಣ್ಣ ಪಟ್ಟಣ. 1388ರಲ್ಲಿ ಮಿಂಗ್ ಸೈನ್ಯ ನಗರವನ್ನು ಹಾಳುಗೆಡವಿದ ಮೇಲೆ ಉಳಿದ ಕಲ್ಲುಗಳನ್ನು 1586ರ ಸುಮಾರಿಗೆ ಎರ್ದೆನ್ ಜೂ ಎಂಬ ಬೌದ್ಧ ವಿಹಾರಕ್ಕೆ ಬಳಸಿಕೊಂಡರು. ವಿಹಾರದ ಸುತ್ತಲಿನ ಬಿಳಿಯ ಗೋಡೆಯ ಮೇಲೆ ಸಾಲಾಗಿ ಸ್ತೂಪಗಳಿವೆ, 108 ಎಂದು ಹೇಳುತ್ತಾರೆ. ಬಾಗಿಲು ಮುಚ್ಚಿತ್ತು. ನಾನೊಬ್ಬನೇ ಗೋಡೆಯ ಹೊರಗೆ ನಡೆದುಹೋಗಿ, ಹುಲ್ಲಿನ ನಡುವೆ ಕುಳಿತ ಕಲ್ಲಿನ ಆಮೆಯನ್ನು ನೋಡಿ ಬಂದೆ. ಒಂದು ಕಾಲಕ್ಕೆ ಅದರ ಬೆನ್ನ ಮೇಲೆ ಶಾಸನ ಕೆತ್ತಿದ ಕಲ್ಲು ನಿಂತಿತ್ತು. ಈಗ ಕುತ್ತಿಗೆಗೆ ಯಾರೋ ಕಟ್ಟಿದ ನೀಲಿ ರೇಷ್ಮೆವಸ್ತ್ರ ಮಾತ್ರ ಗಾಳಿಗೆ ಹಾರಾಡುತ್ತಿತ್ತು. ಮರುದಿನ ಬೆಳಗ್ಗೆ ಏಳಕ್ಕೆ, ವಿಹಾರ ತೆರೆಯುವ ಮುನ್ನವೇ, ನಮ್ಮನ್ನು ಓರ್ಖಾನ್ ಜಲಪಾತಕ್ಕೆ ಹೊರಡಿಸಿದರು. ಅದು ಸುಮಾರು 120 ಕಿಲೋಮೀಟರು, ಐದು ಗಂಟೆಯ ಕುಲುಕಾಟ. ಹಿಂತಿರುಗುವಾಗ ವಿಹಾರವನ್ನೂ ವಸ್ತುಸಂಗ್ರಹಾಲಯವನ್ನೂ ತೋರಿಸುತ್ತೇವೆ ಎಂದರು. 10ರಂದು ಮಳೆಯಿಂದ ಹಳ್ಳಗಳು ತುಂಬಿ ತಡವಾಯಿತು, ಮರುದಿನ ನಾದಮ್ ಇದ್ದುದರಿಂದ ನೇರವಾಗಿ ರಾಜಧಾನಿಗೆ ಓಡಿಸಿದರು. ಹೀಗೆ ನಾನು ಎರ್ದೆನ್ ಜೂವಿನ ಗೋಡೆಯನ್ನು ಮೂರು ಸಲ ನೋಡಿದೆ, ಒಳಗೆ ಒಂದು ಸಲವೂ ಕಾಲಿಡಲಿಲ್ಲ. ಖುಸ್ತಾಯ್ ಕೂಡ ಅದೇ ಓಟದಲ್ಲಿ ಕೈತಪ್ಪಿತು. ಕಾಡಿನಲ್ಲಿ ಪೂರ್ತಿ ಅಳಿದುಹೋಗಿದ್ದ ತಾಖಿ ಎಂಬ ಕಾಡುಕುದುರೆಯನ್ನು ಯುರೋಪಿನ ಮೃಗಾಲಯಗಳ ಸಂತತಿಯಿಂದ 1992ರಲ್ಲಿ ಅಲ್ಲಿಗೆ ಮರಳಿ ತಂದದ್ದು ವನ್ಯಜೀವಿ ಸಂರಕ್ಷಣೆಯ ದೊಡ್ಡ ಕಥೆಗಳಲ್ಲಿ ಒಂದು. ಆ ಕುದುರೆಗಳು ನೀರಿಗೆ ಇಳಿಯುವುದು ಸಂಜೆಯ ಹೊತ್ತು. ನಾವು ಆ ಕವಲುದಾರಿಯನ್ನು ದಾಟಿದ್ದು ಕತ್ತಲಾದ ಮೇಲೆ.

ಇತಿಹಾಸ ತಜ್ಞರ ವಿಷಯ. ನಮ್ಮ ಜೊತೆಗೆ ಬಂದವಳು ಸುಮಾರು 20 ವರ್ಷದ ಕಾಲೇಜು ವಿದ್ಯಾರ್ಥಿನಿ, ಲೆಕ್ಕಶಾಸ್ತ್ರ ಓದುತ್ತಿದ್ದು ಬೇಸಿಗೆ ರಜೆಗೆ ಈ ಕೆಲಸಕ್ಕೆ ಸೇರಿದ್ದಳು. ಒಳ್ಳೆಯ ಹುಡುಗಿ, ಇಂಗ್ಲಿಷ್ ಚೆನ್ನಾಗಿತ್ತು. ಕಾರಕೋರಂಗೆ ಶಾಲೆಯಲ್ಲಿದ್ದಾಗ ಒಮ್ಮೆ ಬಂದಿದ್ದೆನೆಂದು ತಾನಾಗಿಯೇ ಹೇಳಿದಳು. 1254ರಲ್ಲಿ ಫ್ರಾನ್ಸಿನ ದೊರೆಯ ಕಡೆಯಿಂದ ಬಂದ ಪಾದ್ರಿ ವಿಲಿಯಂ ರುಬ್ರುಕ್ ಇದೇ ಊರಿನಲ್ಲಿ ಬೆಳ್ಳಿಯ ಮರವೊಂದರ ಕೊಂಬೆಗಳಿಂದ ಮದ್ಯ ಸುರಿಯುವುದನ್ನು ಕಂಡು ಬರೆದದ್ದನ್ನು ವ್ಯಾನಿನಲ್ಲಿ ಕೊನೆಗೆ ನಾನೇ ಹೇಳಬೇಕಾಯಿತು. ಅವಳು ನನ್ನ ಮಾತನ್ನು ಫೋನಿನಲ್ಲಿ ಟಿಪ್ಪಣಿ ಮಾಡಿಕೊಂಡಳು! ಇಡೀ ಪ್ರವಾಸದಲ್ಲಿ ನಮಗೆ ಅರಿತು ಹೇಳಿದವರೆಂದರೆ ಮೊದಲ ದಿನ ಉಲಾನ್‌ಬಾತರ್‌ನ ಗಂದನ್ ವಿಹಾರದಲ್ಲಿ ಆಕಸ್ಮಿಕವಾಗಿ ಸಿಕ್ಕ ಒಬ್ಬ ಭಿಕ್ಷು ಮಾತ್ರ. ನಾವು ಕರ್ನಾಟಕದವರೆಂದು ತಿಳಿದೊಡನೆ ಅವರು ‘ಮುಂಡಗೋಡ’ ಎಂದರು. ಅಲ್ಲಿನ ಟಿಬೆಟನ್ ಬೌದ್ಧರ ಗೋಮಾಂಗ್ ವಿದ್ಯಾಲಯದಲ್ಲಿ ಮಂಗೋಲಿಯಾದ ಭಿಕ್ಷುಗಳು ಓದುವ ಪರಂಪರೆ ಇದೆ, ಇವರೂ ಅಲ್ಲಿ ಕೆಲವು ವರ್ಷ ಇದ್ದವರು. ಗಂದನ್ ವಿಹಾರದ 26 ಮೀಟರ್ ಎತ್ತರದ ಅವಲೋಕಿತೇಶ್ವರನ ಮೂರ್ತಿ ಹೊಸದೆಂದೂ, ಹಳೆಯದನ್ನು 1930ರ ದಶಕದ ಕಮ್ಯುನಿಸ್ಟ್ ಸರ್ಕಾರದ ದಮನದ ಕಾಲದಲ್ಲಿ ಬಿಚ್ಚಿ ಸಾಗಿಸಿದರೆಂದೂ, ಈಗಿನದು 1996ರದೆಂದೂ ಅವರೇ ವಿವರಿಸಿದರು. ಆ ಅರ್ಧ ಗಂಟೆ ಪಟ್ಟಿಯಲ್ಲಿ ಇರಲಿಲ್ಲ.

ನನಗೆ ಎಲ್ಲಕ್ಕಿಂತ ನಾಚಿಕೆಯಾದದ್ದು ‘ಅಲೆಮಾರಿ ಕುಟುಂಬದೊಡನೆ ಒಂದು ದಿನ’ ಎಂಬ ಭಾಗದಲ್ಲಿ. ಅದು ಹೆದ್ದಾರಿಯ ಪಕ್ಕದ ಒಂದು ಗೆರ್‌ನಲ್ಲಿ 40 ನಿಮಿಷದ ಭೇಟಿಯಾಗಿತ್ತು. ನಮಗಿಂತ ಮುಂಚೆ ಬಂದಿದ್ದ ಇನ್ನೊಂದು ಗುಂಪು ಹೊರಬರುವವರೆಗೆ ಕಾದು ನಿಂತೆವು. ಗೆರ್ ಎಂದರೆ ಉಣ್ಣೆಯ ಹೊದಿಕೆಯ ಗುಂಡು ಗುಡಾರ, ಬಾಗಿಲು ದಕ್ಷಿಣಕ್ಕೆ ಇರುತ್ತದೆ. ಹೊಸ್ತಿಲನ್ನು ತುಳಿಯಬಾರದು, ನಡುವಿನ ಎರಡು ಕಂಬಗಳ ಮಧ್ಯೆ ಹಾಯಬಾರದು, ಕೊಟ್ಟದ್ದನ್ನು ಬಲಗೈಯಿಂದಲೇ ತೆಗೆದುಕೊಳ್ಳಬೇಕು. ನಮ್ಮ ಹಳ್ಳಿಮನೆಗಳಲ್ಲಿ ಬೆಳೆದವರಿಗೆ ಇದೇನೂ ಹೊಸದಲ್ಲ, ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಯಾರೂ ಹೇಳಲಿಲ್ಲ. ನಮ್ಮವರಲ್ಲಿ ಮೂವರು ಹೊಸ್ತಿಲ ಮೇಲೆಯೇ ನಿಂತು ಫೋಟೋ ತೆಗೆಸಿಕೊಂಡರು. ಮನೆಯ ಅಜ್ಜಿ ಗೌರವದಿಂದ ಮುಂದೆ ಹಿಡಿದ ನಶ್ಯದ ಬುಡ್ಡಿಯನ್ನು ಒಬ್ಬರು ಮೊಬೈಲು ಹಿಡಿದಿದ್ದ ಕಾರಣ ಎಡಗೈಯಿಂದ ತೆಗೆದುಕೊಂಡರು. ಅಜ್ಜಿ ಏನೂ ಅನ್ನಲಿಲ್ಲ, ಉಪ್ಪು ಹಾಕಿದ ಹಾಲಿನ ಚಹಾ ಬಡಿಸುವುದನ್ನು ಮುಂದುವರಿಸಿದರು.

ಊಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕುರಿ, ದನ, ಹಾಲು ಇವೇ ಆ ನೆಲದ ಆಹಾರ. ಸಸ್ಯಾಹಾರಿಗಳು ಅಲ್ಲಿನ ಅಡುಗೆಯವರನ್ನು ದೂರುವುದು ತಪ್ಪು. ಆದರೆ ‘ಶುದ್ಧ ಸಸ್ಯಾಹಾರ, ಖಾತರಿ’ ಎಂದು ಬರೆದು ಹಣ ಪಡೆದವರು ಶಿಬಿರಗಳಿಗೆ ಆ ವಿಷಯವನ್ನು ತಿಳಿಸಿದ್ದು ಹಿಂದಿನ ದಿನ ಮಾತ್ರ. ಖೊಂಗೊರ್‌ನಲ್ಲಿ ಬಂದ ಬಟ್ಟಲಿನಲ್ಲಿ ಆಲೂಗಡ್ಡೆ, ಕ್ಯಾರೆಟ್ ತೇಲುತ್ತಿದ್ದರೂ ಮೇಲೆ ಕುರಿಯ ಕೊಬ್ಬಿನ ಹನಿಗಳು ಮಿನುಗುತ್ತಿದ್ದವು. ಮಾಂಸದ ತುಂಡುಗಳನ್ನು ಆರಿಸಿ ತೆಗೆದಿದ್ದರು, ಅಷ್ಟೆ. ಅಡುಗೆಯಾಕೆಗೆ ವಿಷಯ ತಿಳಿದಾಗ ಒಳಗೆ ಹೋಗಿ ಬ್ರೆಡ್ಡನ್ನೂ ದಪ್ಪ ಕೆನೆಯನ್ನೂ ತಂದಿಟ್ಟಳು. ಆ ಕೆನೆಗೆ ಸಕ್ಕರೆ ಉದುರಿಸಿ ತಿಂದದ್ದು ನನ್ನ ಪತ್ನಿಗೆ ಇಂದಿಗೂ ನೆನಪಿದೆ. ಉಳಿದ ದಿನ ನಾವು ಒಯ್ದಿದ್ದ ಅವಲಕ್ಕಿ, ಚಟ್ನಿಪುಡಿಯೇ ಆಧಾರವಾಯಿತು.

ನಾದಮ್‌ನ ಉದ್ಘಾಟನೆ ಜುಲೈ 11ರಂದು ರಾಜಧಾನಿಯ ಕ್ರೀಡಾಂಗಣದಲ್ಲಿ ನಡೆಯುತ್ತದೆ. ‘ನಾದಮ್ ಪ್ರವೇಶ ಸೇರಿದೆ’ ಎಂಬುದರ ಅರ್ಥ ಉದ್ಘಾಟನೆಯ ಟಿಕೆಟ್ ಎಂದು ನಾವು ತಿಳಿದಿದ್ದೆವು, ಅವರು ಕರೆದೊಯ್ದದ್ದು ನಗರದ ಹೊರಗಿನ ಬಯಲಿಗೆ, ಕುದುರೆ ಓಟಕ್ಕೆ. ಅಲ್ಲಿ ಜಾಕಿಗಳು ಮಕ್ಕಳು, ಓಟ ಹತ್ತಾರು ಕಿಲೋಮೀಟರು. ನೋಡುಗರಿಗೆ ಕಾಣುವುದು ಕೊನೆಯ ಕೆಲವು ನಿಮಿಷ. ವಾಹನಗಳ ಸಾಲಿನಲ್ಲಿ ಮೂರು ಗಂಟೆ ಕಳೆದು ನಾವು ತಲುಪಿದಾಗ ದೂಳು ಮಾತ್ರ ಉಳಿದಿತ್ತು. ಕುಸ್ತಿಯನ್ನು ಹೋಟೆಲಿನ ಟಿವಿಯಲ್ಲಿ ನೋಡಿದೆವು.

ಇನ್ನೊಂದು ಸಂಗತಿ. ಧಾರವಾಡದ ಒಬ್ಬರು ಮರಳುದಿಬ್ಬದ ಹತ್ತಿರ ಕುದುರೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ತಲೆಗೆ ಹೆಲ್ಮೆಟ್ ಕೊಟ್ಟಿರಲಿಲ್ಲ, ಪುಣ್ಯಕ್ಕೆ ತಲೆ ಉಳಿಯಿತು. ತಕ್ಕಮಟ್ಟಿನ ಆಸ್ಪತ್ರೆ ಎಂದರೆ ದಲನ್‌ಜದ್‌ಗದ್, ಆ ದಾರಿಯಲ್ಲಿ ಐದು ಗಂಟೆ. ಪ್ರವಾಸದ ಶುಲ್ಕದಲ್ಲೇ ಸೇರಿದ್ದ ವಿಮೆಯ ಕಾಗದವನ್ನು ಆಮೇಲೆ ಓದಿದಾಗ ಕುದುರೆ ಸವಾರಿಯನ್ನು ಹೊರಗಿಟ್ಟಿದ್ದು ಕಂಡಿತು. ಕುದುರೆ ಸವಾರಿ ಪಟ್ಟಿಯಲ್ಲಿದ್ದ ಕಾರ್ಯಕ್ರಮ! ವಿಮೆಯನ್ನು ಬೇರೆಯಾಗಿ ನೀವೇ ಮಾಡಿಸಿ, ದೂರದ ಜಾಗದಿಂದ ರೋಗಿಯನ್ನು ಸಾಗಿಸುವ ವೆಚ್ಚವೂ ಅದರಲ್ಲಿ ಇರಲಿ.

ಆದ್ದರಿಂದ ಇಂಥ ಪಟ್ಟಿ ಕೈಗೆ ಬಂದರೆ ಪ್ರತಿದಿನ ಎಷ್ಟು ಗಂಟೆ ವಾಹನದಲ್ಲಿ, ಅದರಲ್ಲಿ ಎಷ್ಟು ಡಾಂಬರು, ಎಷ್ಟು ಕಚ್ಚಾದಾರಿ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಫೋನಿನಲ್ಲಿ ಹೇಳಿದ ಉತ್ತರ ನಮಗೆ ಯಾವ ಪ್ರಯೋಜನಕ್ಕೂ ಬರಲಿಲ್ಲ. ಒಂದೇ ವಾರದಲ್ಲಿ ಗೋಬಿಯನ್ನೂ ಓರ್ಖಾನ್ ಕಣಿವೆಯನ್ನೂ ನಾದಮ್‌ನ್ನೂ ತೋರಿಸುತ್ತೇವೆನ್ನುವವರ ಹತ್ತಿರ ಹೋಗಲೇಬೇಡಿ, ಇವುಗಳಲ್ಲಿ ಎರಡನ್ನು ಆರಿಸಿಕೊಂಡವರು ನೆಮ್ಮದಿಯಿಂದ ನೋಡಬಹುದು. ತಜ್ಞರು ಬರುತ್ತಾರೆಂದರೆ ಯಾರು, ಅವರ ಓದು ಏನು, ಅವರು ಬಾರದಿದ್ದರೆ ಎಷ್ಟು ಹಣ ಮರಳುತ್ತದೆ ಎಂಬುದು ಒಪ್ಪಂದದಲ್ಲಿರಲಿ. ನಮ್ಮ ಒಪ್ಪಂದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಕಾರ್ಯಕ್ರಮ ಬದಲಾಗಬಹುದು’ ಎಂಬ ಒಂದು ಸಾಲಿತ್ತು, ಸಂಸ್ಥೆ ಇಂದಿಗೂ ಜೋತುಬಿದ್ದಿರುವುದು ಆ ಸಾಲಿಗೇ. ಹಣದ ವಿಷಯದಲ್ಲಿ ಒಂದು ಮಾತು: ವಿದೇಶ ಪ್ರವಾಸದ ಪ್ಯಾಕೇಜಿಗೆ ಟಿಸಿಎಸ್ (ಮಾರುವವರೇ ಮುಂಗಡವಾಗಿ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಎಂದು ನಮ್ಮಿಂದ ಶೇ 5ರಂತೆ ತಲಾ 12,000 ರೂಪಾಯಿ ವಸೂಲಿ ಮಾಡಿದ್ದರು. ಅದು ಆದಾಯ ತೆರಿಗೆ ವಿವರ ಸಲ್ಲಿಸುವಾಗ ಮರಳಿ ಪಡೆಯಬಹುದಾದ ಹಣ. ಆದರೆ ನಮ್ಮ ಹೆಸರಿನಲ್ಲಿ ಜಮೆಯಾದ ತೆರಿಗೆಯನ್ನು ತೋರಿಸುವ ಫಾರಂ 26ಎಎಸ್‌ನಲ್ಲಿ ಅದು ತಿಂಗಳುಗಟ್ಟಲೆ ಕಾಣಿಸಲಿಲ್ಲ. ಮೂರು ಪತ್ರ ಬರೆದ ಮೇಲೆ ಕಾಣಿಸಿತು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಎರಡು ವರ್ಷದೊಳಗೆ ಸಲ್ಲಿಸಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದೂ ಇಲ್ಲ. ನಾವು ಐದು ಕುಟುಂಬದವರು ಪಟ್ಟಿಯ ಪ್ರತಿ, ರಸೀದಿ, ಹೊತ್ತು ಕಾಣುವ ಫೋಟೋಗಳು ಮತ್ತು ವಿಮೆಯ ಕಾಗದವನ್ನು ಲಗತ್ತಿಸಿ ಬೇರೆ ಬೇರೆಯಾಗಿ ದೂರು ಕೊಟ್ಟಿದ್ದೇವೆ. ಎರ್ದೆನ್ ಜೂವಿನ ಮುಚ್ಚಿದ ಬಾಗಿಲ ಮುಂದೆ ರಾತ್ರಿ 8 ಗಂಟೆ 41 ನಿಮಿಷಕ್ಕೆ ನನ್ನ ಪತ್ನಿ ತೆಗೆದ ಚಿತ್ರವೂ ಅದರಲ್ಲಿದೆ. ಸಂಸ್ಥೆಯವರು ಹವಾಮಾನವನ್ನೂ ರಸ್ತೆಯನ್ನೂ ಹೊಣೆ ಮಾಡಿ ಉತ್ತರ ಬರೆದು, ಮುಂದಿನ ಪ್ರವಾಸಕ್ಕೆಂದು ತಲಾ 15,000 ರೂಪಾಯಿಯ ರಿಯಾಯಿತಿ ಕೂಪನ್ ಕಳುಹಿಸಿದರು. ಅದರ ಅವಧಿ ಮುಗಿದಿದೆ, ದೂರಿನ ವಿಚಾರಣೆ ಇನ್ನೂ ನಡೆಯುತ್ತಿದೆ.