ಬಾರ್ಲೋ ಲೆನ್ಸೋ, ಇನ್ನೊಂದು ಐಪೀಸೋ?

ಹೊಸ ಟೆಲಿಸ್ಕೋಪಿನ ಜೊತೆ ಸಾಮಾನ್ಯವಾಗಿ 25 ಮತ್ತು 10 ಮಿ.ಮೀ. ಐಪೀಸ್‌ಗಳು (ಕಣ್ಣಿಟ್ಟು ನೋಡುವ ಲೆನ್ಸ್‌ಗಳು) ಬಂದಿರುತ್ತವೆ. ಶನಿಯ ಉಂಗುರ ಇನ್ನೂ ದೊಡ್ಡದಾಗಿ ಕಾಣಬೇಕು ಅಂದರೆ ದಾರಿ ಎರಡು: ಎರಡು ಪಟ್ಟಿನ ಬಾರ್ಲೋ (ಐಪೀಸಿನ ಮುಂದೆ ಸಿಕ್ಕಿಸಿದರೆ ಚಿತ್ರವನ್ನು ಇಮ್ಮಡಿ ದೊಡ್ಡದು ಮಾಡುವ ಲೆನ್ಸ್), ಇಲ್ಲವೇ 6 ಮಿ.ಮೀ. ಐಪೀಸ್.

ಟೆಲಿಸ್ಕೋಪಿನ ಫೋಕಲ್ ಲೆಂತನ್ನು (ಗಾಜಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) ಐಪೀಸಿನ ಫೋಕಲ್ ಲೆಂತಿನಿಂದ, ಅಂದರೆ ಅದರ ಮೇಲಿನ ಮಿ.ಮೀ. ಸಂಖ್ಯೆಯಿಂದ, ಭಾಗಿಸಿ, ಎಷ್ಟು ಪಟ್ಟು ಅಂತ ಗೊತ್ತಾಗುತ್ತದೆ. 700 ಮಿ.ಮೀ. ಟೆಲಿಸ್ಕೋಪಿಗೆ 10 ಹಾಕಿದರೆ 70 ಪಟ್ಟು. ಬಾರ್ಲೋ ಸೇರಿಸಿದರೆ 140. ಮುಂದಿನ ಗಾಜು 70 ಮಿ.ಮೀ. ಅಗಲದ್ದಾದರೆ ಅದರ ಮಿತಿಯೇ ಹೆಚ್ಚುಕಡಿಮೆ ಅಷ್ಟು. ಗಾಳಿ ಅಲುಗಾಡುವ ರಾತ್ರಿ ಅದೂ ಜಾಸ್ತಿಯೇ, ಚಿತ್ರ ಕಲಸಿಹೋಗುತ್ತದೆ. 6 ಮಿ.ಮೀ. ಕೊಡುವ ಸುಮಾರು 117 ಪಟ್ಟು ಹೆಚ್ಚು ರಾತ್ರಿ ಉಪಯೋಗಕ್ಕೆ ಬರುತ್ತದೆ. (525 ಪಟ್ಟು ಅಂತ ಡಬ್ಬದ ಮೇಲೆ ಬರೆದಿದ್ದರೆ ಸುಮ್ನೆ ನಕ್ಕು ಬಿಡಿ.)

ಬಾರ್ಲೋಗೆ ಬೇರೆ ಗುಣಗಳಿವೆ. 25ರ ಜೊತೆ ಹಾಕಿದರೆ 56 ಪಟ್ಟು, ಅಂದರೆ ಎರಡು ಐಪೀಸ್ ನಾಲ್ಕರ ಕೆಲಸ ಮಾಡುತ್ತವೆ. ಸಾದಾ ಪ್ಲಾಸಲ್ ಮಾದರಿಯ 6 ಮಿ.ಮೀ. ಆದರೆ ರೆಪ್ಪೆ ತಾಗುವಷ್ಟು ಹತ್ತಿರ ಕಣ್ಣಿಡಬೇಕು, ಕನ್ನಡಕ ಹಾಕಿಕೊಂಡು ನೋಡುವುದು ಕಷ್ಟ ಅಲ್ವಾ? 10ರ ಜೊತೆ ಬಾರ್ಲೋ ಹಾಕಿದರೆ ಆ ಕಾಟ ಸ್ವಲ್ಪ ಕಡಿಮೆ. ಕನ್ನಡಕ ತೆಗೆಯಲಾಗದವರಿಗೆ ನಾನು ಬಾರ್ಲೋವನ್ನೇ ಹೇಳುತ್ತೇನೆ, ಉಳಿದವರಿಗೆ 6 ಮಿ.ಮೀ.

ಎರಡಕ್ಕೂ ಕೊಳವೆಯ ಅಳತೆ ನೋಡಿಕೊಳ್ಳಿ, 1.25 ಇಂಚು ಸಾಮಾನ್ಯ. ಬಾರ್ಲೋ ಕೂರಬೇಕಾದದ್ದು ಬಾಗಿದ ಡಯಾಗನಲ್ (ಬೆಳಕನ್ನು ಕಣ್ಣಿನತ್ತ ತಿರುಗಿಸುವ ಭಾಗ) ಮತ್ತು ಐಪೀಸಿನ ನಡುವೆ. ಡಯಾಗನಲ್‌ಗಿಂತ ಮೊದಲೇ ಸಿಕ್ಕಿಸಿದರೆ ಪಟ್ಟು ಎರಡನ್ನು ಮೀರುತ್ತದೆ, ಕೆಲವೊಮ್ಮೆ ಫೋಕಸ್ಸೇ ಸಿಗುವುದಿಲ್ಲ. ಮೊದಲು ಬರೀ 25ರಲ್ಲಿ ಗ್ರಹವನ್ನು ನಡುವಿಗೆ ತನ್ನಿ, ಆಮೇಲೆ ಬದಲಿಸಿ. ಐಪೀಸ್ ಹಿಡಿಯುವ ಸ್ಕ್ರೂ ಹಗುರಾಗಿ ಬಿಗಿದರೆ ಸಾಕು.